ಹಳೇ ಊಟದ ಮೇಜು ತರಲು ಮೈಸೂರಿಗೆ ಹೊರಟರೆ

ಸೆಕೆಂಡ್ ಹ್ಯಾಂಡ್ ಡೈನಿಂಗ್ ಟೇಬಲ್ ನೋಡಲು ಹೋದವರೆಲ್ಲ ಮೊದಲು ಸವರಿ ನೋಡುವುದು ಮೇಲಿನ ಹಲಗೆಯನ್ನು. ಮಾರುವವರು ಬೆಳಗ್ಗೆಯೇ ಒರೆಸಿ, ಹೊಳೆಯುವಂತೆ ಮಾಡಿಟ್ಟಿರುವುದೂ ಅದನ್ನೇ. ಆದರೆ ವ್ಯಾಪಾರ ಕುದುರುವುದೋ ಕೆಡುವುದೋ ಬೇರೆ ಎರಡು ಕಡೆ ತೀರ್ಮಾನವಾಗುತ್ತದೆ. ಒಂದು, ಆ ಮೇಜಿನ ಅಡಿಭಾಗ. ಇನ್ನೊಂದು, ನಿಮ್ಮ ಸ್ವಂತ ಮನೆಯ ಬಾಗಿಲು. ಹದಿನೈದು ಸಾವಿರಕ್ಕೆ ಸಿಕ್ಕಿದ ಮೇಜು ಗಾಡಿ ಬಾಡಿಗೆ, ಹಮಾಲಿ, ಪಾಲಿಶ್ ಎಲ್ಲ ಸೇರಿ ನಿಮ್ಮ ಹಾಲ್‌ನಲ್ಲಿ ಕೂತ ಮೇಲೆ ಎಷ್ಟಾಯಿತೋ ಅದೇ ಅದರ ನಿಜವಾದ ಬೆಲೆ. ಈ ಲೆಕ್ಕ ಮೊದಲೇ ಹಾಕಿಕೊಂಡು ಹೊರಟರೆ ಬೆಂಗಳೂರಿನವರು ಮೈಸೂರಿಗೆ ಹೋಗಿ, ಒಂದೇ ದಿನದಲ್ಲಿ ಒಳ್ಳೆಯ ಮರದ ಮೇಜು-ಕುರ್ಚಿ ತಂದು ಇಳಿಸಿಕೊಳ್ಳುವುದು ಕಷ್ಟವೇನಲ್ಲ.

ಮೈಸೂರೇ ಏಕೆ? ಬೆಂಗಳೂರಿನಲ್ಲಿ ಹಳೇ ಮೇಜುಗಳಿಗೆ ಬರವಿಲ್ಲ. ಬಾಡಿಗೆ ಮನೆ ಬದಲಿಸುವವರು, ಕೆಲಸ ಬಿಟ್ಟು ಊರಿಗೆ ಹೊರಟವರು ಮಾರಾಟಕ್ಕೆ ಹಾಕುತ್ತಲೇ ಇರುತ್ತಾರೆ. ಅದರಲ್ಲಿ ಹೆಚ್ಚಿನವು ಆನ್‌ಲೈನ್‌ನಲ್ಲಿ ತರಿಸಿ, ನಟ್ಟು ಬೋಲ್ಟು ಬಿಗಿದು, ಮೂರ್ನಾಲ್ಕು ವರ್ಷ ಬಳಸಿದ ಹಗುರ ಸೆಟ್‌ಗಳು. ಗಟ್ಟಿ ಮರದ್ದು ಬೇಕೆನ್ನುವವರು ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಒಂಟಿಕೊಪ್ಪಲು, ಯಾದವಗಿರಿ ಕಡೆಯ ಹಳೇ ಮನೆಗಳ ಮೇಲೆ ಕಣ್ಣಿಡಬೇಕು. ಮಕ್ಕಳು ಹೊರದೇಶದಲ್ಲಿ, ದೊಡ್ಡವರು ಫ್ಲಾಟಿಗೆ, ಮನೆ ಬಿಲ್ಡರ್ ಕೈಗೆ ಎನ್ನುವ ಹಂತದಲ್ಲಿ ಆಚಾರಿಯನ್ನು ಮನೆಗೇ ಕರೆಸಿ ಮಾಡಿಸಿದ್ದ ಮೇಜುಗಳು ಹೊರಗೆ ಬರುತ್ತವೆ. ಗುಜರಿಯವನಿಗೆ ಕೊಡುವ ಮುನ್ನ ಯಾರಾದರೂ ಬಳಸುವವರಿಗೆ ಹೋಗಲಿ ಎನ್ನುವ ಮನಸ್ಸು ಆ ಮನೆಯವರಿಗೆ ಇರುತ್ತದೆ. ನಿಮಗೆ ಬೇಕಾದ್ದೂ ಅದೇ.

ಯಾವ ದಿನ ಹೋಗಬೇಕು ಎನ್ನುವುದನ್ನು ಸ್ವಲ್ಪ ಯೋಚಿಸಿ. ಭಾನುವಾರ ಸಂಜೆ ಮೈಸೂರಿನಿಂದ ಬೆಂಗಳೂರಿಗೆ ಬರುವ ರಸ್ತೆ ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. ಸಾಮಾನು ತುಂಬಿದ ಗಾಡಿಯ ಜೊತೆ ಅದರೊಳಗೆ ಸಿಕ್ಕಿಕೊಳ್ಳುವುದು ಬೇಡ. ಮೃಗಾಲಯಕ್ಕೆ ಮಂಗಳವಾರ ರಜೆ, ಪ್ರವಾಸಿಗಳು ಕಡಿಮೆ, ಹಾಗಾಗಿ ಅದೇ ಒಳ್ಳೆಯ ದಿನ ಎಂದುಕೊಂಡೀರಿ. ಆದರೆ ಮಂಗಳವಾರ, ಶುಕ್ರವಾರ ಮನೆಯಿಂದ ವಸ್ತು ಹೊರಗೆ ಕೊಡಬಾರದು ಎನ್ನುವ ಮನೆಗಳು ಇನ್ನೂ ಬೇಕಾದಷ್ಟಿವೆ. ಅಷ್ಟು ದೂರ ಹೋದ ಮೇಲೆ ಅಜ್ಜಿ ಒಳಗಿನಿಂದ ‘ನಾಳೆ ತಗೊಂಡು ಹೋಗಲಿ’ ಎಂದರೆ ಮಾಡುವುದೇನು? ಬುಧವಾರ, ಗುರುವಾರ ಕ್ಷೇಮ. ಮೇಜಿಗೆ ಕಬ್ಬಿಣದ ಕಾಲಿದ್ದರೆ ಶನಿವಾರ ನಿಮ್ಮ ಮನೆಯಲ್ಲೇ ಆಕ್ಷೇಪ ಬರಬಹುದು. ದಸರಾ ವಾರದಲ್ಲಂತೂ ಆ ಕಡೆ ತಲೆ ಹಾಕಬೇಡಿ. ಆಷಾಢದಲ್ಲಿ ಗೃಹಪ್ರವೇಶಗಳಿಲ್ಲ, ಕೊಳ್ಳುವವರೂ ಕಡಿಮೆ. ಚೌಕಾಶಿಗೆ ಅದು ನಿಮ್ಮ ಕಾಲ. ದೀಪಾವಳಿ ಆಫರ್‌ನಲ್ಲಿ ಹೊಸದು ತಂದವರು ಹಳೆಯದಕ್ಕೆ ಜಾಗವಿಲ್ಲದೆ ಒದ್ದಾಡುವ ಮುಂದಿನ ಹದಿನೈದು ದಿನವೂ ಹಾಗೆಯೇ.

ಮೊದಲು ನಿಮ್ಮ ಮನೆ ಅಳೆಯಿರಿ

ಊಟದ ಮೇಜಿನ ಎತ್ತರ ಸಾಮಾನ್ಯವಾಗಿ 30 ಇಂಚು, ಕುರ್ಚಿಯ ಆಸನ 17ರಿಂದ 18 ಇಂಚು. ಎರಡರ ನಡುವೆ ಹತ್ತು ಹನ್ನೆರಡು ಇಂಚು ಅಂತರವಿದ್ದರೆ ತೊಡೆ ತಾಗದೆ ಕೂರಬಹುದು. ಮೇಜು ಒಂದು ಕಡೆ, ಕುರ್ಚಿ ಇನ್ನೊಂದು ಕಡೆ ಕೊಳ್ಳುವವರು ಇದನ್ನು ಮರೆಯಬಾರದು. ಒಬ್ಬರಿಗೆ 2 ಅಡಿ ಅಗಲದ ಜಾಗ ಬೇಕು. ಆ ಲೆಕ್ಕದಲ್ಲಿ ನಾಲ್ಕು ಜನಕ್ಕೆ 4 ಅಡಿ ಉದ್ದ, ಆರು ಜನಕ್ಕೆ 5ರಿಂದ 6 ಅಡಿ. ಮೇಜಿನ ಅಂಚಿನಿಂದ ಗೋಡೆಗೆ 3 ಅಡಿ ಇದ್ದರೆ ಕುರ್ಚಿ ಹಿಂದಕ್ಕೆಳೆದು ಏಳಬಹುದು, ಬಡಿಸುವವರೂ ಓಡಾಡಬಹುದು. ಎರಡೂವರೆ ಅಡಿಗಿಂತ ಕಡಿಮೆಯಾದರೆ ಒಳಗಡೆ ಕೂತವರು ಏಳಲು ಹೊರಗಡೆಯವರ ಅಪ್ಪಣೆ ಬೇಕಾಗುತ್ತದೆ. ಹಳೇ ದಿನಪತ್ರಿಕೆ ಹಾಸಿ ನೆಲದ ಮೇಲೆ ಮೇಜಿನಳತೆಯ ಆಯತ ಮಾಡಿ, ಎರಡು ದಿನ ಅದರ ಸುತ್ತ ಓಡಾಡಿ ನೋಡಿ. ಆರು ಜನರ ಮೇಜೇ ಬೇಕೆಂದು ಹಟ ಹಿಡಿದವರು ಹೆಚ್ಚಾಗಿ ಇಲ್ಲೇ ನಾಲ್ಕಕ್ಕೆ ಇಳಿಯುತ್ತಾರೆ.

ಇನ್ನು ಬಾಗಿಲು. ಚೌಕಟ್ಟಿನ ಅಳತೆ 3 ಅಡಿ ಇದ್ದರೂ ತೆರೆದ ಕದದ ದಪ್ಪ ಕಳೆದರೆ ಸಿಗುವ ಜಾಗ ಇನ್ನೂ ಒಂದೆರಡು ಇಂಚು ಕಡಿಮೆ. ಕಾಲು ಬಿಚ್ಚಲಾಗದ ಮೇಜನ್ನು ಪಕ್ಕಕ್ಕೆ ಮಲಗಿಸಿ, ಮೊದಲು ಎರಡು ಕಾಲು ಒಳಗೆ ತೂರಿಸಿ, ಬಾಗಿಲ ಅಂಚನ್ನು ಬಳಸಿಕೊಂಡು ತಿರುಗಿಸುತ್ತ ಒಳಗೆ ತರಬೇಕು. ಅಂದರೆ 30 ಇಂಚಿನ ಎತ್ತರ ಬಾಗಿಲಲ್ಲಿ ಹಾಯಬೇಕು, ತಿರುಗಿಸಲು ಒಳಗೂ ಹೊರಗೂ ಜಾಗ ಬೇಕು. ಬಾಗಿಲೆದುರೇ ಶೂ ರ್‍ಯಾಕು, ಅದರಾಚೆ ಪಕ್ಕದ ಮನೆಯ ಗ್ರಿಲ್ಲು ಇದ್ದರೆ ಆಗುವ ಕೆಲಸವಲ್ಲ. ಲಿಫ್ಟಿನ ಒಳ ಎತ್ತರ, ಬಾಗಿಲಿನ ಅಗಲ, ಮೆಟ್ಟಿಲು ತಿರುಗುವ ಕಡೆಯ ಅಗಲ, ಮೂರನ್ನೂ ಬರೆದುಕೊಳ್ಳಿ. ಅಪಾರ್ಟ್‌ಮೆಂಟ್‌ನವರು ಅಸೋಸಿಯೇಷನ್ ಕಚೇರಿಗೆ ಫೋನ್ ಮಾಡಿ, ಸಾಮಾನು ತರಲು ಎಷ್ಟು ಗಂಟೆಯವರೆಗೆ ಬಿಡುತ್ತಾರೆ, ಸರ್ವಿಸ್ ಲಿಫ್ಟ್ ಸಿಗುತ್ತದೆಯೇ ಎಂದು ಕೇಳಿ. ಸಂಜೆ ಆರಕ್ಕೆ ಗೇಟಿನಲ್ಲಿ ಗಾಡಿ ನಿಲ್ಲಿಸಿ, ಡ್ರೈವರ್ ಕಾಯುತ್ತಿರುವಾಗ ಸೆಕ್ಯೂರಿಟಿಯವರ ಜೊತೆ ಚರ್ಚಿಸುವುದಕ್ಕಿಂತ ಇದು ಮೇಲು.

ಫೋನಿನಲ್ಲೇ ಆಗಬೇಕಾದ್ದು

ಜಾಹೀರಾತಿನ ಫೋಟೊ ನೋಡಿ ಹೊರಟುಬಿಡಬೇಡಿ. ಒಂದು ವಿಡಿಯೊ ಕಾಲ್ ಮಾಡಿ. ‘ಸಾರ್, ಒಂದೇ ಒಂದು ಸಲ ಟೇಬಲ್ ಕೆಳಗಡೆ ಕ್ಯಾಮೆರಾ ಹಿಡೀತೀರಾ?’ ಎಂದರೆ ಮನೆಯವರಾದರೆ ನಗುತ್ತಲೇ ಬಗ್ಗಿ ತೋರಿಸುತ್ತಾರೆ. ತೋರಿಸದವರು, ‘ಬಂದು ನೋಡಿ, ಮೊದಲು ಅಡ್ವಾನ್ಸ್ ಹಾಕಿ’ ಎನ್ನುವವರು ಬೇಡ. ಸೇನೆಯಲ್ಲಿದ್ದೇನೆ, ವರ್ಗವಾಗಿದೆ, ಸಾಮಾನು ಸೇನೆಯ ಲಾರಿಯಲ್ಲೇ ಕಳಿಸುತ್ತೇನೆ ಎನ್ನುವ ಕತೆ ಹೇಳಿ ದುಡ್ಡು ಹೊಡೆಯುವವರು ಬಹಳ ಕಾಲದಿಂದ ಇದ್ದಾರೆ. ಯುಪಿಐನಲ್ಲಿ ದುಡ್ಡು ಬರುವುದಕ್ಕೆ ನೀವು ಪಿನ್ ಹಾಕುವ ಅಗತ್ಯವೇ ಇಲ್ಲ. ‘ಅಡ್ವಾನ್ಸ್ ವಾಪಸ್ ಮಾಡ್ತೀನಿ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಎಂದರೆ ಅದು ಮೋಸವೇ. ದುಡ್ಡು ಹೋಗಿಬಿಟ್ಟರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಬೇರೆಯವರಿಗೆ ಕೊಡದೆ ಇಟ್ಟುಕೊಳ್ಳಿ ಎನ್ನಲು ಐನೂರು ರೂಪಾಯಿ ಟೋಕನ್ ಸಾಕು.

ಕೇಳಬೇಕಾದ ಇನ್ನೊಂದು ಪ್ರಶ್ನೆ: ಮೇಲೆ ಗಾಜು ಅಥವಾ ಗ್ರಾನೈಟ್ ಇದೆಯೇ? ಇದು ಅಂದದ ಪ್ರಶ್ನೆಯಲ್ಲ, ತೂಕದ್ದು. ಗಾಜು ಒಂದು ಚದರ ಮೀಟರಿಗೆ, ಒಂದು ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ ತೂಗುತ್ತದೆ. 12 ಮಿ.ಮೀ. ದಪ್ಪದ 5 ಅಡಿ × 3 ಅಡಿ ಗಾಜು ಅಂದರೆ 40 ಕಿಲೋಗೂ ಮಿಕ್ಕು. ಅದೇ ಅಳತೆಯ 18 ಮಿ.ಮೀ. ಗ್ರಾನೈಟ್ 65 ಕಿಲೋ ದಾಟುತ್ತದೆ. ನೀವು ಮತ್ತು ಡ್ರೈವರ್ ಇಬ್ಬರೇ ಎಂದರೆ ನಡೆಯುವುದಿಲ್ಲ. ನನ್ನನ್ನು ಕೇಳಿದರೆ, ಗ್ರಾನೈಟ್ ಹಲಗೆ ಅಲ್ಲೇ ಬಿಟ್ಟು ಬರುವ ಹಾಗಿದ್ದರೆ ಮಾತ್ರ ಆ ಮೇಜು ನೋಡಿ.

ಮೇಜಿನ ಅಡಿಯಲ್ಲಿ

ಚೀಲದಲ್ಲಿ ಟಾರ್ಚ್, ಅಳತೆ ಟೇಪ್, ಎರಡು ಗಜ ದಾರ, ಸ್ಪ್ಯಾನರ್, ಅಲೆನ್ ಕೀ ಮತ್ತು ಎರಡು ಬಗೆಯ ಸ್ಕ್ರೂಡ್ರೈವರ್ ಇರಲಿ. ಸ್ಟಾರ್ ಒಂದನ್ನೇ ಒಯ್ದರೆ ಸಾಲದು. ಹಳೇ ಮೇಜುಗಳ ಹಿತ್ತಾಳೆ ಸ್ಕ್ರೂಗಳ ತಲೆಯ ಮೇಲೆ ಇರುವುದು ಒಂದೇ ಗೀಟು. ಅದಕ್ಕೆ ಅಗಲ ಬಾಯಿಯ ಚಪ್ಪಟೆ ಸ್ಕ್ರೂಡ್ರೈವರ್ರೇ ಬೇಕು. ಹಿತ್ತಾಳೆ ಮೆದು, ಬಲ ಬಿಟ್ಟರೆ ಗೀಟು ಕಿತ್ತುಹೋಗಿ ಸ್ಕ್ರೂ ಅಲ್ಲೇ ಕೂರುತ್ತದೆ. ಒಂದು ತೊಟ್ಟು ಎಣ್ಣೆ ಬಿಟ್ಟು, ಹತ್ತು ನಿಮಿಷ ಆ ಮನೆಯವರ ಕಾಫಿ ಕುಡಿದು, ಆಮೇಲೆ ಕೈ ಹಾಕಿ.

ಈಗ ನೆಲದ ಮೇಲೆ ಒಂದು ಟವಲ್ ಹಾಸಿ, ಮೇಜಿನ ಕೆಳಗೆ ಮಲಗಿ, ಟಾರ್ಚ್ ಹಚ್ಚಿ. ಸಂಕೋಚ ಬೇಡ. ಮೊದಲು ಮರ. ಅಡಿಭಾಗಕ್ಕೆ ಯಾರೂ ಬಣ್ಣ, ಪಾಲಿಶ್ ಸರಿಯಾಗಿ ಹೊಡೆದಿರುವುದಿಲ್ಲ, ಹಾಗಾಗಿ ಮರ ತನ್ನ ನಿಜ ಬಣ್ಣದಲ್ಲಿ ಕಾಣುವುದು ಅಲ್ಲೇ. ಮೇಲೆ ಕಡು ಕಂದು, ಕೆಳಗೆ ಬಿಳಿಚಿಕೊಂಡ ಹಳದಿ ಎಂದರೆ ಅದು ಸಿಲ್ವರ್ ಓಕೋ ರಬ್ಬರ್ ಮರವೋ ಆಗಿದ್ದು, ತೇಗದ ಬಣ್ಣ ಹಚ್ಚಿಸಿಕೊಂಡಿರಬಹುದು. ತೇಗ ಹೊನ್ನಿನ ಛಾಯೆಯ ಕಂದು, ಮುಟ್ಟಿದರೆ ಸ್ವಲ್ಪ ಜಿಡ್ಡಿನಂತೆ ಬೆರಳಿಗೆ ತಾಗುತ್ತದೆ. ಸ್ಕ್ರೂ ಬಿಚ್ಚಿದ ತೂತಿಗೆ ಮೂಗು ಹಿಡಿದರೆ ಚರ್ಮದಂಥದೊಂದು ವಾಸನೆ ಬರುತ್ತದೆ. ಹಲಸು ಹಳದಿಯಾಗಿ ಹುಟ್ಟಿ ವರ್ಷ ಕಳೆದಂತೆ ಕಂದಾಗುತ್ತದೆ, ಅದೂ ಒಳ್ಳೆಯ ಮರವೇ. ನೇರಳೆ ಮಿಶ್ರಿತ ಕಂದಿನಲ್ಲಿ ಕಪ್ಪು ಗೆರೆಗಳು, ಒಂದು ಕಡೆ ಎತ್ತಲೂ ಬಾರದಷ್ಟು ಭಾರ ಎಂದರೆ ಬೀಟೆ.

ಹಲಗೆಯ ಅಂಚನ್ನು ನೋಡಿ. ಮೇಲಿನ ನಾರು ಅಂಚಿನವರೆಗೂ ಬಂದು, ಅಡ್ಡ ಕೊಯ್ದ ಕಡೆ ಮರದ ಉಂಗುರಗಳಾಗಿ ಕಂಡರೆ ಅಖಂಡ ಮರ. ಅಂಚಿಗೆ ಬೇರೆಯೇ ಪಟ್ಟಿ ಅಂಟಿಸಿದ್ದು, ಮೇಲೆ ಒಂದೇ ಚಿತ್ತಾರ ಮತ್ತೆ ಮತ್ತೆ ಬಂದರೆ ಪ್ಲೈವುಡ್ ಮೇಲಿನ ವಿನಿಯರ್. ವಿನಿಯರ್ ಕೆಟ್ಟದ್ದೇನಲ್ಲ, ಆದರೆ ಅದು ಅರ್ಧ ಮಿಲಿಮೀಟರಿನಷ್ಟೇ ದಪ್ಪ; ಪಾಲಿಶ್‌ನವನು ಮಷೀನ್ ಹಿಡಿದು ಜೋರಾಗಿ ಉಜ್ಜಿದರೆ ಒಳಗಿನ ಪ್ಲೈ ಕಾಣುತ್ತದೆ. ಅಂಚು ಊದಿಕೊಂಡು, ನೆಂದ ಹಪ್ಪಳದ ಹಾಗೆ ಪದರ ಬಿಟ್ಟಿದ್ದರೆ ಪಾರ್ಟಿಕಲ್ ಬೋರ್ಡ್ ಇಲ್ಲವೇ ಎಂಡಿಎಫ್. ಅದಕ್ಕೆ ರಿಪೇರಿ ಇಲ್ಲ. ಬಿಟ್ಟಿ ಕೊಟ್ಟರೂ ಗಾಡಿ ಬಾಡಿಗೆ ದಂಡ.

ಆಮೇಲೆ ಹುಳ. ಗುಂಡುಸೂಜಿ ಚುಚ್ಚಿದಂಥ ಸಣ್ಣ ತೂತುಗಳಿದ್ದರೆ ಕುಟ್ಟೆ ಹಿಡಿದಿದೆ ಎಂದರ್ಥ. ತೂತು ಹಳೆಯದೋ ಈಗಿನದೋ ತಿಳಿಯಲು ಮೇಜನ್ನು ಕೈಯಿಂದ ಬಡಿಯಿರಿ. ತೆಳು ಬಣ್ಣದ ನಯವಾದ ಪುಡಿ ಉದುರಿದರೆ ಹುಳ ಒಳಗೇ ಇದೆ. ಗೆದ್ದಲಾದರೆ ಕಾಲಿನ ಬುಡದಲ್ಲಿ ಮಣ್ಣಿನ ಗೆರೆ ಕಾಣುತ್ತದೆ, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಟೊಳ್ಳು ಸದ್ದು. ‘ತೇಗಕ್ಕೆ ಹುಳ ಹಿಡಿಯಲ್ಲ’ ಎನ್ನುವ ಮಾತು ಚೇಗಿಗೆ ಮಾತ್ರ ಸಲ್ಲುತ್ತದೆ. ಹೊರಗಿನ ಬಿಳಿ ಭಾಗವನ್ನು ಹುಳ ಖುಷಿಯಿಂದ ತಿನ್ನುತ್ತದೆ. ಎಲ್ಲೋ ಒಂದು ಪಟ್ಟಿಯ ಬಿಳಿ ಅಂಚಿನಲ್ಲಿ ನಾಲ್ಕು ತೂತಿದ್ದರೆ ಮದ್ದು ಹಚ್ಚಿ ಬದುಕಬಹುದು. ನಾಲ್ಕು ಕಾಲಿನ ಬುಡವೂ ಹಾಗಿದ್ದರೆ ಕಾಫಿಗೆ ಥ್ಯಾಂಕ್ಸ್ ಹೇಳಿ ಹೊರಡಿ.

ಜೋಡಣೆಯ ಮಾತು. ಕಾಲಿನಲ್ಲಿ ಕಂಡಿ ಕೊರೆದು, ಅಡ್ಡಪಟ್ಟಿಯ ತುದಿಯನ್ನು ಅದರೊಳಗೆ ಕೂರಿಸಿದ್ದರೆ ಅದು ಆಚಾರಿಯ ಕೆಲಸ, ಸಡಿಲವಾದರೂ ಬಿಚ್ಚಿ ಅಂಟು ಹಾಕಿ ಮತ್ತೆ ಬಿಗಿಸಬಹುದು. ಸಡಿಲವಾದ ಕಡೆ ಯಾರೋ ಮೊಳೆ ಹೊಡೆದಿದ್ದರೆ ಮರ ಒಳಗೆ ಸೀಳಿರುವ ಸಾಧ್ಯತೆ ಹೆಚ್ಚು. ಹಲಗೆಯ ಉದ್ದಕ್ಕೂ ನಾರಿನ ಜೊತೆಗೇ ಬಿಟ್ಟ ಬಿರುಕಿಗೆ ಹೆದರಬೇಡಿ, ಅದು ಒಣಗಿ ಬಿಟ್ಟದ್ದು, ತುಂಬಬಹುದು. ಕಾಲಿನ ತಲೆಯಲ್ಲಿರುವ ಬಿರುಕು ಬೇರೆ ಮಾತು. ದಾರವನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದು ಹಿಡಿದರೆ ಹಲಗೆ ಎಲ್ಲಿ ಬಾಗಿದೆ ಎಂದು ತಿಳಿಯುತ್ತದೆ.

ಕುರ್ಚಿಗಳು ಮೇಜಿಗಿಂತ ಮೊದಲು ಸೋಲುತ್ತವೆ. ಆರಿದ್ದರೆ ಆರರಲ್ಲೂ ಕೂತು ನೋಡಿ. ಹಿಂದಿನ ಕಾಲು ಆಸನಕ್ಕೆ ಸೇರುವ ಜಾಗವೇ ಅದರ ದುರ್ಬಲ ಕಡೆ. ಬೆನ್ನು ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಕಿರ್ ಎನ್ನುತ್ತದೆ. ಕುಶನ್ನಿನ ಹೊಲಿಗೆಯನ್ನು, ಬೆತ್ತದ ಹೆಣಿಗೆಯ ಅಂಚನ್ನು ಟಾರ್ಚ್ ಬಿಟ್ಟು ಬಿಡಿಸಿ ನೋಡಿ. ಕಪ್ಪು ಚುಕ್ಕೆಗಳ ಸಾಲಿದ್ದರೆ ತಿಗಣೆ. ತಿಗಣೆಯಿರುವ ಕುರ್ಚಿಯನ್ನು ಎಷ್ಟೇ ಚೆನ್ನಾಗಿದ್ದರೂ, ಯಾರೇ ಶಿಫಾರಸು ಮಾಡಿದರೂ ತರಬಾರದು ಎನ್ನುವುದು ನನ್ನ ಪಕ್ಕಾ ಅಭಿಪ್ರಾಯ. ಮಲಗುವ ಕೋಣೆಗೆ ಬರಲು ಅದಕ್ಕೆ ಎರಡು ವಾರ ಸಾಕು.

ಮೈಸೂರಿನ ಹಳೇ ಮನೆಗಳಲ್ಲಿ ಬೀಟೆ ಮರದ ಮೇಲೆ ಬಿಳಿ ಚಿತ್ತಾರ ಕೂರಿಸಿದ ಮೇಜು ಕಣ್ಣಿಗೆ ಬೀಳಬಹುದು. ಈ ಕುಸುರಿ ಕೆಲಸ ಮೈಸೂರಿನ ಹೆಮ್ಮೆ, ಅದಕ್ಕೆ ಭೌಗೋಳಿಕ ಮಾನ್ಯತೆಯೂ ಇದೆ. ಈಗಿನವುಗಳಲ್ಲಿ ಬಿಳಿ ಭಾಗ ಪ್ಲಾಸ್ಟಿಕ್. ಹಿಂದೆ ಆನೆದಂತವನ್ನೂ ಬಳಸುತ್ತಿದ್ದರು. ದಂತ ಎಷ್ಟೇ ಹಳೆಯದಾಗಿರಲಿ, ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದರ ಮಾರಾಟಕ್ಕೆ ಅವಕಾಶವಿಲ್ಲ. ಅನುಮಾನ ಬಂದರೆ ಹೊಗಳಿ, ಮುಂದಕ್ಕೆ ಹೋಗಿ.

ಚೌಕಾಶಿ ಮಾಡುವಾಗ ಅಂಗಡಿಗೂ ಮನೆಗೂ ವ್ಯತ್ಯಾಸವಿರಲಿ. ಅಂಗಡಿಯಲ್ಲಿ ದೋಷ ಎತ್ತಿ ಆಡಿ, ಅರ್ಧಕ್ಕೆ ಕೇಳಿ. ಮನೆಯಲ್ಲಿ, ಹಿರಿಯರ ಎದುರು, ಅವರು ನಲವತ್ತು ವರ್ಷ ಉಂಡ ಮೇಜನ್ನು ಹಳಿಯಬೇಡಿ. ‘ಗಾಡಿ, ಪಾಲಿಶ್ ಖರ್ಚು ಇಷ್ಟಾಗುತ್ತಮ್ಮಾ, ನಮ್ಮ ಕೈಲಿ ಇಷ್ಟೇ ಆಗೋದು’ ಎಂದರೆ ಬೇಗ ಇಳಿಯುತ್ತಾರೆ. ಕೊನೆಗೆ ‘ಇನ್ನೇನಾದರೂ ಕೊಡೋದಿದೆಯಾ?’ ಎಂದು ಕೇಳಿ. ಪಿಂಗಾಣಿ ಜಾಡಿ, ಮಣೆ, ಸ್ಟೂಲು ಹೀಗೆಯೇ ಬರುವುದು. ಸಾಮಾನಿನ ವಿವರ, ಮೊತ್ತ, ತಾರೀಖು ಬರೆದು ಅವರ ಸಹಿ ಹಾಕಿಸಿದ ಒಂದು ಚೀಟಿ ಜೇಬಿನಲ್ಲಿರಲಿ. ದಾರಿಯಲ್ಲಿ ಕೇಳಿದರೆ ತೋರಿಸಬಹುದು. ಬಳಸಿದ ಗೃಹೋಪಯೋಗಿ ಸಾಮಾನಿಗೆ ಇ-ವೇ ಬಿಲ್ ಬೇಕಿಲ್ಲ. ಅಂಗಡಿಯಿಂದ ಕೊಂಡರೆ ಮಾತ್ರ ಬಿಲ್ ಕೇಳಿ ಪಡೆಯಿರಿ.

ಗಾಡಿ, ಹಗ್ಗ, ದಾರಿ

ಬೆಂಗಳೂರಿನಿಂದಲೇ ಗಾಡಿ ಒಯ್ದರೆ ಹೋಗುವ ಬಾಡಿಗೆಯೂ ನಿಮ್ಮದೇ. ಅದರ ಬದಲು ನೀವು ಬಸ್ಸಿನಲ್ಲೋ ಕಾರಿನಲ್ಲೋ ಹೋಗಿ, ಮೈಸೂರಿನಲ್ಲಿ ಖಾಲಿ ವಾಪಸಾಗುವ ಬೆಂಗಳೂರು ಗಾಡಿ ಹುಡುಕಿ. ಗೂಡ್ಸ್ ಸ್ಟ್ಯಾಂಡಿನಲ್ಲಿ ನಂಬರ್ ಪ್ಲೇಟ್ ನೋಡಿದರೆ ತಿಳಿಯುತ್ತದೆ: ಕೆಎ 09, ಕೆಎ 55 ಮೈಸೂರಿನವು, ಕೆಎ 01ರಿಂದ 05, ಕೆಎ 41, ಕೆಎ 51 ಇತ್ಯಾದಿ ಇದ್ದರೆ ಆ ಡ್ರೈವರ್ ವಾಪಸ್ ಬಾಡಿಗೆಗೆ ಕಾಯುತ್ತಿರಬಹುದು. ಆಪ್‌ನಲ್ಲಿ ಬುಕ್ ಮಾಡುವ ಮುನ್ನ ಈ ಕಡೆ ಒಂದು ಸುತ್ತು ಹಾಕಿ. ಹಮಾಲಿ ಸೇರಿದೆಯೇ, ಟೋಲ್ ಯಾರದು, ಮೇಲಿನ ಮಹಡಿಗೆ ಎತ್ತಿಕೊಡುತ್ತಾರೆಯೇ, ಇವು ಮೂರನ್ನೂ ಹೊರಡುವ ಮೊದಲೇ ಬಾಯಿಬಿಟ್ಟು ಮಾತಾಡಿಕೊಳ್ಳಿ.

ಟಾಟಾ ಏಸ್‌ನ ತೊಟ್ಟಿ ಸುಮಾರು 7 ಅಡಿ ಉದ್ದ, 5 ಅಡಿಗೆ ತುಸು ಕಡಿಮೆ ಅಗಲ. 6 ಅಡಿ ಮೇಜು, ಆರು ಕುರ್ಚಿ ಸಲೀಸಾಗಿ ಹಿಡಿಯುತ್ತವೆ. ಮೂರು ಚಕ್ರದ ಗೂಡ್ಸ್ ಆಟೊ ಅಗ್ಗವೆಂದು ಒಪ್ಪಿಕೊಳ್ಳಬೇಡಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ. ಅವು ಸರ್ವಿಸ್ ರಸ್ತೆಯಲ್ಲೇ ಬರಬೇಕು. ಸುಮಾರು 118 ಕಿ.ಮೀ. ದಾರಿಯಲ್ಲಿ ಬಿಡದಿ ಹತ್ತಿರ ಒಂದು, ಶ್ರೀರಂಗಪಟ್ಟಣದ ಬಳಿ ಗಣಂಗೂರಿನಲ್ಲಿ ಒಂದು ಟೋಲ್ ಇದೆ. ಹಲಗೆ ಗಾಡಿಯಿಂದ ಹೊರಗೆ ಚಾಚಿಕೊಂಡಿರಬಾರದು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಸರಕು ಮಿತಿ ಮೀರಿ ಚಾಚಿಕೊಂಡರೆ 20,000 ರೂಪಾಯಿ ದಂಡ. ಮೇಜಿನ ಬೆಲೆಗಿಂತ ಅದೇ ಹೆಚ್ಚಾದೀತು. ತೊಟ್ಟಿಯಲ್ಲಿ ಮೇಜು ಹಿಡಿದುಕೊಂಡು ಯಾರೂ ಕೂರುವುದೂ ಬೇಡ.

ತುಂಬುವಾಗ ನಿಂತು ನೋಡಿ, ಡ್ರೈವರ್‌ಗೆ ಬಿಟ್ಟು ಹೋಗಬೇಡಿ. ಕಾಲು ಬಿಚ್ಚುವ ಮೊದಲು ಯಾವ ಕಾಲು ಯಾವ ಮೂಲೆಯದು ಎಂದು ಸೀಮೆಸುಣ್ಣದಲ್ಲಿ 1, 2, 3, 4 ಬರೆಯಿರಿ. ಕೈಯಲ್ಲಿ ಮಾಡಿದ ಮೇಜಿನಲ್ಲಿ ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಸ್ಕ್ರೂಗಳೆಲ್ಲ ಒಂದು ಕವರಿನಲ್ಲಿ, ಆ ಕವರು ನಿಮ್ಮ ಜೇಬಿನಲ್ಲಿ. ಬಿಚ್ಚಿದ ಹಲಗೆಯನ್ನು ಮಲಗಿಸಬಾರದು, ಉದ್ದನೆಯ ಅಂಚಿನ ಮೇಲೆ ನಿಲ್ಲಿಸಿ, ತೊಟ್ಟಿಯ ಪಕ್ಕಕ್ಕೆ ಒರಗಿಸಬೇಕು. ಗಾಜಿಗೂ ಇದೇ ನಿಯಮ. ಮಲಗಿಸಿದ ಗಾಜು ಒಂದೇ ಹಂಪ್‌ಗೆ ಸೀಳಬಹುದು. ಕಾಲು ಬಿಚ್ಚಲಾಗದ ಮೇಜಾದರೆ ಕಂಬಳಿ ಹಾಸಿ ತಲೆಕೆಳಗಾಗಿ ಇಡಿ. ಕುರ್ಚಿಗಳನ್ನು ಆಸನಕ್ಕೆ ಆಸನ ತಾಗುವಂತೆ ಜೋಡಿ ಮಾಡಿ, ನಡುವೆ ಹಳೇ ಜಮಖಾನ ಹಾಕಿ. ಹಗ್ಗ ಮರಕ್ಕೆ ತಾಗುವ ಕಡೆಯೆಲ್ಲ ಬಟ್ಟೆಯಿರಲಿ, ಕಾಲಿಗೆ ಕಟ್ಟದೆ ಅಡ್ಡಪಟ್ಟಿಗೆ ಕಟ್ಟಿ. ಬಬಲ್ ಶೀಟನ್ನು ಪಾಲಿಶ್ ಮೇಲೆ ನೇರವಾಗಿ ಸುತ್ತಿದರೆ ಬಿಸಿಲಿಗೆ ಗುಳ್ಳೆ ಗುಳ್ಳೆ ಅಚ್ಚು ಬೀಳುತ್ತದೆ. ಒಳಗೆ ಹಳೇ ಬೆಡ್‌ಶೀಟು, ಮೇಲೆ ಬಬಲ್ ಶೀಟು. ಏಪ್ರಿಲ್–ಮೇನಲ್ಲಿ ಮಧ್ಯಾಹ್ನದ ಮೇಲೆ ಮಳೆ ಬರಬಹುದು, ಟಾರ್ಪಾಲು ಇಲ್ಲದ ಗಾಡಿ ಬೇಡ. ಹೊರಟು ಹತ್ತು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ ಹಗ್ಗ ಬಿಗಿಸಿ. ಸಾಮಾನು ಅಷ್ಟರಲ್ಲಿ ತನ್ನ ಜಾಗ ನೋಡಿಕೊಂಡು ಕೂತು, ಹಗ್ಗ ಸಡಿಲವಾಗಿರುತ್ತದೆ. ಮದ್ದೂರು ವಡೆಗೆ ನಿಲ್ಲಿಸಿದಾಗ ಇನ್ನೊಮ್ಮೆ.

ಮನೆಗೆ ಬಂದ ಮೇಲೆ

ಪಾಲಿಶ್‌ನವನನ್ನು ಮರುದಿನವೇ ಕರೆಸಬೇಡಿ. ಮೊದಲು ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಒಂದೆರಡು ವಾರ ಬಳಸಿ ನೋಡಿ. ಅರ್ಧಕ್ಕರ್ಧ ಕೊಳೆ ಬರೀ ಕೊಳೆಯೇ ಆಗಿರುತ್ತದೆ. ಹಳೆಯ ಪಾಲಿಶ್ ಯಾವುದೆಂದು ತಿಳಿಯಲು ಅಡಿಭಾಗದಲ್ಲಿ, ಕಾಣದ ಕಡೆ, ಒಂದು ತೊಟ್ಟು ಸ್ಪಿರಿಟ್ ಹಚ್ಚಿ. ಒಂದು ನಿಮಿಷದಲ್ಲಿ ಅಂಟಂಟಾದರೆ ಅದು ಅರಗಿನ ಪಾಲಿಶ್. ಅದರ ಮೇಲೆ ಮತ್ತೆ ಅದನ್ನೇ ಹಚ್ಚಿಸಬಹುದು, ಎಲ್ಲ ಕಿತ್ತು ಉಜ್ಜಬೇಕಾಗಿಲ್ಲ. ಏನೂ ಆಗದಿದ್ದರೆ ಮೆಲಮೈನ್ ಅಥವಾ ಪಿಯು, ಅದನ್ನು ತೆಗೆಯುವ ಕೂಲಿ ಹೆಚ್ಚು. ಬಿಸಿ ಪಾತ್ರೆಯಿಟ್ಟ ಬಿಳಿ ಉಂಗುರಗಳು ಮರದಲ್ಲಲ್ಲ, ಪಾಲಿಶ್ ಪದರದಲ್ಲಿ ಸಿಕ್ಕಿಕೊಂಡ ತೇವ, ಹಾಗಾಗಿ ಅವು ಹೋಗುತ್ತವೆ. ಮೇಜಿನ ಹಲಗೆಯನ್ನು ಬಿಸಿಲಿಗೆ ಮಾತ್ರ ಇಡಬೇಡಿ, ಬಾಗುತ್ತದೆ.

ಬೆತ್ತದ ಕುರ್ಚಿಗಳ ಆಸನ ಜೋತುಬಿದ್ದಿದ್ದರೆ ಹೆಣೆಸಲು ಕೊಡುವ ಮೊದಲು ಒಂದು ಉಪಾಯ ಮಾಡಿ ನೋಡಿ. ಕುರ್ಚಿ ಬೋರಲು ಹಾಕಿ, ಹೆಣಿಗೆಯ ಕೆಳಮೈಯನ್ನು ಬಿಸಿನೀರಿನ ಬಟ್ಟೆಯಿಂದ ಚೆನ್ನಾಗಿ ನೆನೆಸಿ, ಗಾಳಿಯಾಡುವ ಕಡೆ ಒಂದು ದಿನ ಒಣಗಲು ಬಿಡಿ. ಒಣಗುತ್ತ ಬೆತ್ತ ಎಳೆದುಕೊಂಡು ಬಿಗಿಯಾಗುತ್ತದೆ. ಎಳೆಗಳೇ ಕಡಿದುಹೋಗಿದ್ದರೆ ಹೊಸದಾಗಿ ಹೆಣೆಸಬೇಕು. ದೃಷ್ಟಿಹೀನರಿಗೆ ತರಬೇತಿ ಕೊಡುವ ಕೆಲವು ಸಂಸ್ಥೆಗಳಲ್ಲಿ ಈ ಕೆಲಸ ಅಚ್ಚುಕಟ್ಟಾಗಿ ಮಾಡಿಕೊಡುತ್ತಾರೆ. ಹೆಣೆಯಲು ಕೊಡುವಾಗ ಬೆತ್ತವೋ ಪ್ಲಾಸ್ಟಿಕ್ ವೈರೋ ಎಂದು ಕೇಳುತ್ತಾರೆ. ವೈರ್ ಅಗ್ಗ, ಆದರೆ ಒಮ್ಮೆ ಜೋತರೆ ಅದಕ್ಕೆ ಬಿಸಿನೀರಿನ ಉಪಾಯ ನಡೆಯುವುದಿಲ್ಲ.